ಕೈಯಲ್ಲಿ ಅಲ್ಲಾಡಿಸಿ ನೋಡಿದ ಕಟಕಟೆ

ಸುದ್ದಿ ಕೇಳಿ ನಾನು ಮಂಟಪದ ಪಕ್ಕದ ಓಣಿಗೆ ಓಡಿ ಹೋದಾಗ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನಡುವೆ ಬಿಳಿ ಕಾರೊಂದು ಮಗ್ಗುಲಾಗಿ ಬಿದ್ದಿತ್ತು. ನಾನು ಜನರನ್ನೂ ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ತಲೆ ಎತ್ತಿ ಮೊದಲ ಮಹಡಿಯ ಅಂಚು ನೋಡಿದೆ. ಮೂರು ವರ್ಷದ ಹಿಂದೆ ನಾನೇ ಕೂರಿಸಿದ್ದ ಪೈಪಿನ ಕಟಕಟೆ ಹೊರಕ್ಕೆ ಜೋತುಬಿದ್ದಿತ್ತು. ಬೋಲ್ಟು ತುಂಡಾಗಿರಲಿಲ್ಲ, ಬುಡದ ಕಾಂಕ್ರೀಟನ್ನೇ ಕಿತ್ತುಕೊಂಡು ಬಂದಿದ್ದವು. ಸದ್ಯ, ನನ್ನ ಬೆಸುಗೆ ಬಿಟ್ಟಿಲ್ಲ ಅಂತ ಒಂದು ಗಳಿಗೆ ಜೀವಕ್ಕೆ ಹಗುರಾಯಿತು. ಆಮೇಲೆ ಕಾರಿನ ಅಡಿಯಲ್ಲಿ ಮಲ್ಲಿಗೆ ಬುಟ್ಟಿ ಕಾಣಿಸಿತು.

ಆ ಒಂದು ಗಳಿಗೆಯ ಹಗುರವನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಹಡಗಲಿ ಕಡೆಯಿಂದ ಬೆಳಗಿನ ಬಸ್ಸಿಗೆ ಹೂವು ತಂದು ಆ ಓಣಿಯಲ್ಲಿ ಕೂತು ಕಟ್ಟಿ ಮಾರುತ್ತಿದ್ದವರು ಅತ್ತೆ, ಸೊಸೆ ಇಬ್ಬರು. ಸೊಸೆ ಮದುಮಗಳ ಕೋಣೆಗೆ ದಂಡೆ ಕೊಡಲು ಒಳಗೆ ಹೋಗಿದ್ದಳು. ಅತ್ತೆ ಅಲ್ಲೇ ತೀರಿಹೋದರು.

ನಮ್ಮ ಹರಪನಹಳ್ಳಿಗೆ ಅಂಥ ಕಟ್ಟಡ ಹೊಸದು. ಕಲ್ಯಾಣ ಮಂಟಪಕ್ಕೆ ಅಂಟಿಕೊಂಡಂತೆ ಕೆಳಗೆ ಅಂಗಡಿ ಸಾಲು, ಮೇಲೆ ಎರಡು ಮಹಡಿ ಬರೀ ವಾಹನ ನಿಲ್ಲಿಸಲಿಕ್ಕೆ, ಹತ್ತಿ ಇಳಿಯಲು ಒಂದು ಇಳಿಜಾರು. ಮದುವೆಗೆ ಬಂದವರು ಕಾರು ನಿಲ್ಲಿಸುವ ಪದ್ಧತಿ ಮಾತ್ರ ಹಳೆಯದು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆಯುವಂತಿಲ್ಲ, ಗಾಲಿಗೊಂದು ಕಲ್ಲು ಕೊಟ್ಟು ಊಟಕ್ಕೆ ಹೋಗುವುದು. ಹಿಂದಿನವರು ಬೇಗ ಹೊರಡಬೇಕಾದರೆ ನಾಲ್ಕು ಮಂದಿ ಸೇರಿ ಮುಂದಿನ ಕಾರನ್ನು ತಳ್ಳಿ ದಾರಿ ಮಾಡಿಕೊಳ್ಳಲಿ ಎಂಬ ಮರ್ಯಾದೆ ಅದು. ಹ್ಯಾಂಡ್‌ಬ್ರೇಕ್ ಎಳೆದು ಹೋದವನನ್ನು ಮೈಕಿನಲ್ಲಿ ಕರೆದು ಮಾನ ಕಳೆಯುತ್ತಾರೆ. ಮಣ್ಣಿನ ಬಯಲಿನಲ್ಲಿ ಇದರಿಂದ ಯಾರಿಗೂ ಏನೂ ಆಗಿದ್ದಿಲ್ಲ. ಆದರೆ ಮಹಡಿಯ ನೆಲಕ್ಕೆ ಮಳೆನೀರು ಹರಿಯಲೆಂದು ನಲವತ್ತು ಅಡಿಗೆ ಒಂದಡಿ ಇಳಿಜಾರು ಕೊಟ್ಟಿದ್ದರು, ಅದೂ ಓಣಿಯ ಕಡೆಗೆ. ಆವತ್ತು ಕೊಟ್ಟೂರಿನಿಂದ ಬಂದ ದಿಬ್ಬಣದವರು ಹೊರಡಲು ಅವಸರ ಮಾಡಿ ಆ ಬಿಳಿ ಕಾರನ್ನು ತಳ್ಳಿದರು. ತಳ್ಳಿದವರು ಕೈ ಬಿಟ್ಟರು, ಕಾರು ನಿಲ್ಲಲಿಲ್ಲ. ಕಾವಲುಗಾರ ಬಾಗಿಲಿನ ಹಿಡಿಕೆ ಹಿಡಿದು, ಎತ್ತಿಗೆ ಹೇಳಿದ ಹಾಗೆ 'ತಡಿ, ತಡಿ' ಅನ್ನುತ್ತ ಜೊತೆಗೇ ನಡೆದನಂತೆ. ಓಡಿದನಂತೆ ಅಲ್ಲ, ನಡೆದನಂತೆ. ಅಷ್ಟೇ ವೇಗ. ಅಷ್ಟಕ್ಕೇ ನನ್ನ ಕಟಕಟೆ ಮಲಗಿತು.

ಕೇಸು ಕಾರಿನವರ ಮೇಲೂ ಕಾವಲುಗಾರನ ಮೇಲೂ ಆಯಿತು. ಪೊಲೀಸರು ನನ್ನನ್ನು ಕರೆದು ಕೇಳಿದ್ದು, ಹಾಕಿದ್ದು ನೀವೇನಾ, ಎಷ್ಟು ವರ್ಷ ಆಯಿತು, ಇಷ್ಟೇ. ಸಹಿ ಮಾಡಿಸಿಕೊಂಡು ಕಳಿಸಿದರು. ಮಂಟಪದ ಸಾಹುಕಾರರು ಮೆಕ್ಕೆಜೋಳದ ವ್ಯಾಪಾರದವರು, ನಮ್ಮ ಅಪ್ಪನ ಕಾಲದಿಂದ ನಮ್ಮ ಕಬ್ಬಿಣದ ಕೆಲಸದ ಶೆಡ್ಡಿನಲ್ಲೇ ಗೇಟು, ಟ್ರೇಲರ್ ಮಾಡಿಸಿದವರು. ಅವರು ಮೂರನೇ ದಿನ ತಾವೇ ಬಂದರು.

"ಭಾಯಾರ, ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ಮಂದಿ ತಳ್ಳಿದ್ರು, ಬಿತ್ತು. ಯಾರ ಹಣೆಬರ ಯಾರು ತೆಗೀತಾರ. ಮುಂದಿನ ತಿಂಗಳು ಲಗ್ನ ಅದಾವ. ಇನ್ನೊಂದೀಟು ದಪ್ಪನ ಪೈಪು ಹಾಕಿ ಗಟ್ಟಿ ಮಾಡಿ ಕೊಟ್ಬಿಡ್ರಿ."

"ಮಾಡ್ತೀನ್ರಿ" ಅಂದೆ. ತಪ್ಪಿಲ್ಲ ಅಂದವರ ಮಾತು ಎಷ್ಟು ಸಿಹಿಯೋ ಅಷ್ಟು ಬೇಗ ಗಂಟಲಿಗೆ ಇಳಿಯುತ್ತದೆ.

ಮೂರಿಂಚಿನ ಪೈಪು ತಂದು, ಅರ್ಧ ಇಂಚಿನ ದಪ್ಪ ಪ್ಲೇಟಿಗೆ ಬೆಸೆದು, ಉದ್ದನೆಯ ಬೋಲ್ಟು ಹೊಡೆದು ಎರಡು ಕಂಬ ಮಾದರಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಪುರಸಭೆ ಕಚೇರಿಯವರು, ಇಂಜಿನಿಯರ್ ನೋಡಿ ಬರೆದುಕೊಡದೆ ಪಾರ್ಕಿಂಗ್ ತೆರೆಯುವ ಹಾಗಿಲ್ಲ ಅಂದಿದ್ದರಿಂದ ದಾವಣಗೆರೆಯಿಂದ ಒಬ್ಬ ಇಂಜಿನಿಯರ್ ಮೇಡಂ ಬಂದರು. ನನ್ನ ಮಗಳ ವಯಸ್ಸು. ಟೇಪು, ಟಾರ್ಚು, ಒಂದು ಸಣ್ಣ ಸುತ್ತಿಗೆ, ಬೇರೇನೂ ತಂದಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಕಟಕಟೆ ಕೂರಿಸಿದ ಮೇಲೆ ಮೇಸ್ತ್ರಿಯಾದವನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಇಡೀ ಮೈಯಿಂದ ಅಲ್ಲಾಡಿಸುತ್ತಾನೆ. ಅಲುಗಲಿಲ್ಲ ಅಂದರೆ 'ಗಟ್ಟಿ ಐತಿ' ಅನ್ನುತ್ತಾನೆ. ಅಲ್ಲಿಗೆ ಕೆಲಸ ಮುಗಿಯಿತು. ನಮ್ಮ ಅಜ್ಜ ಹಾಗೆ ಮಾಡಿದರು, ಅಪ್ಪ ಹಾಗೆ ಮಾಡಿದರು. ಮೇಡಂ ಮುಂದೆ ನಾನೂ ಹಾಗೇ ಅಲ್ಲಾಡಿಸಿ, "ಗಟ್ಟಿ ಐತ್ರಿ" ಅಂದೆ.

ಆ ಹುಡುಗಿ ನಗಲಿಲ್ಲ, ಬೈಯಲೂ ಇಲ್ಲ. "ಯಾವುದಕ್ಕೆ ಗಟ್ಟಿ ಐತ್ರಿ?" ಅಂತ ಕೇಳಿದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಟ್ಟಿ ಅಂದರೆ ಗಟ್ಟಿ. ಯಾವುದಕ್ಕೆ ಅಂದರೇನು.

"ನೀವು ಅಲ್ಲಾಡ್ಸಿದ್ದು ಮನುಷ್ಯ ಒರಗಿದ್ರೆ ತಡಿತತೇನು ಅಂತ. ಇಲ್ಲಿ ಒರಗೋದು ಮನುಷ್ಯ ಅಲ್ಲಲ್ರಿ."

ಸಾಹುಕಾರರು ಪಕ್ಕದಲ್ಲೇ ಇದ್ದರು. ಅವರಿಗೆ ತಿಳಿಯಲೆಂದು ಮೇಡಂ ಕ್ವಿಂಟಲ್ ಲೆಕ್ಕದಲ್ಲೇ ಹೇಳಿದರು. ಪಾರ್ಕಿಂಗಿನ ತಡೆಗೆ ಒಂದು ಲೆಕ್ಕ ಇದೆ. ಹದಿನೈದು ಕ್ವಿಂಟಲ್ ತೂಗುವ ಕಾರು ಗಂಟೆಗೆ ಹದಿನಾರು ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದರೂ ನಿಲ್ಲಬೇಕು. ಕಾರಿನ ಮೂತಿ ಅರ್ಧ ಗೇಣಿನಷ್ಟು ಜಜ್ಜುತ್ತದೆ. ತಡೆ ಒಂಚೂರೂ ಅಲುಗದೆ ಕಲ್ಲಿನಂತೆ ನಿಂತರೆ ಅಷ್ಟರೊಳಗೇ ಕಾರು ನಿಲ್ಲಬೇಕು. ಆಗ ಅದು ತಳ್ಳುವ ಬಲ ನೂರೈವತ್ತು ಕ್ವಿಂಟಲ್.

"ಒಂದು ಲಾರಿ ಲೋಡು ಜೋಳ" ಅಂದರು ಸಾಹುಕಾರರು, ತಮಗೆ ತಾವೇ ಅಂದುಕೊಂಡ ಹಾಗೆ.

"ಹೌದ್ರಿ. ಅದನ್ನೆಲ್ಲ ಈ ಆರಿಂಚಿನ ಸ್ಲ್ಯಾಬಿನ ಅಂಚಿಗೆ ನೇತು ಹಾಕ್ದಂಗೆ."

"ಗ್ವಾಡಿ ಕಟ್ಟಿಬಿಡಾಣೇನ್ರಿ ಹಂಗಾರ?" ಅಂತ ಸಾಹುಕಾರರೇ ಕೇಳಿದರು.

"ಗೋಡೆ ಗಟ್ಟಿ ಇರ್ತತಿ. ಗೋಡೆ ಹಿಡ್ಕಂಡ ಅಂಚು ಇರಲ್ಲ. ಕಾರಿನ ಜೊತಿಗೆ ಗೋಡೆನೂ ಬೀಳ್ತತಿ."

ಓಣಿಯಲ್ಲಿ ಕಂಡದ್ದು ಆಗ ನನಗೆ ತಿಳಿಯಿತು. ನನ್ನ ಬೆಸುಗೆ ಹಿಡಿದಿತ್ತು, ಬೋಲ್ಟೂ ಹಿಡಿದಿತ್ತು. ಹಿಡಿದದ್ದರಿಂದಲೇ ಕಾಂಕ್ರೀಟು ಬಿಟ್ಟಿತು.

ಆದರೂ ಮೂವತ್ತು ವರ್ಷ ಕಬ್ಬಿಣ ಬಡಿದ ಕೈ, ಒಂದು ಹುಡುಗಿ ಹೇಳಿದಳೆಂದು ಸುಮ್ಮನಾಗುವುದಿಲ್ಲ. ಕಣ್ಣಿಂದ ನೋಡಬೇಕು ಅಂದೆ. ಮೇಡಂ ಒಪ್ಪಿದರು. ತೆಲಿಗಿ ದಾರಿಯಲ್ಲಿರುವ ನನ್ನ ಶೆಡ್ಡಿನ ಹಿಂದೆ ಅದೇ ದಪ್ಪ, ಅದೇ ಸರಳು ಇಟ್ಟು ಎರಡು ಸ್ಲ್ಯಾಬು ಹಾಕಿದೆವು. ಇಪ್ಪತ್ತೆಂಟು ದಿನ ನೀರು ಉಣಿಸಿದೆವು. ಸಾಹುಕಾರರು ಎರಡು ದಿನಕ್ಕೊಮ್ಮೆ ಬಂದು ಸ್ಲ್ಯಾಬನ್ನು ನೋಡಿ, "ಇನ್ನೂ ಬಲಿತಿಲ್ಲೇನ್ರಿ ಇದು?" ಅಂತ ಕೇಳಿ ಹೋಗುತ್ತಿದ್ದರು. ಎರಡು ಮದುವೆಯವರು ಬೇರೆ ಮಂಟಪಕ್ಕೆ ಹೋಗಿದ್ದರು.

ಗುದ್ದಿಸಲು ಇಂಜಿನ್ ತೆಗೆದ ಹಳೇ ಜೀಪೊಂದು ಸಿಕ್ಕಿತು. ಮೆಕ್ಕೆಜೋಳದ ಚೀಲ ಹೇರಿ, ಟ್ರ್ಯಾಕ್ಟರಿಗೆ ಕಟ್ಟಿ ವೇಬ್ರಿಡ್ಜಿಗೆ ಎಳೆದುಕೊಂಡು ಹೋದೆವು. ತೂಕದವನು, "ಏನ್ ಭಾಯ್, ಜ್ವಾಳ ಮಾರಾಕ ಬಂದೀರೋ, ಜೀಪು ಮಾರಾಕ ಬಂದೀರೋ?" ಅಂದ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಇರುವ ವೆಲ್ಡರ್ ಬಾಯಿಗೆ ಬೀಗ ಇಲ್ಲದ ಮನುಷ್ಯ. "ಗುದ್ದಾಕ ಹೊಂಟೀವಿ. ನೀನು ಅಡ್ಡ ನಿಂತ್ಕಂತಿಯೇನಲೇ?" ಅಂದ. ಎರಡು ಚೀಲ ಇಳಿಸಿದ ಮೇಲೆ ಮುಳ್ಳು ಸರಿಯಾಗಿ ಹದಿನೈದು ಕ್ವಿಂಟಲಿಗೆ ಬಂತು. ಒಂದು ಮೀಟರ್ ಎತ್ತರದಿಂದ ಜಾರಿ ಬಂದರೆ ಬೇಕಾದ ವೇಗ ತಾನಾಗಿಯೇ ಬರುತ್ತದೆ, ಗಾಲಿಯ ತಿಕ್ಕಾಟಕ್ಕೆ ಇನ್ನೊಂದು ಗೇಣು ಸೇರಿಸಿ ಅಂತ ಮೇಡಂ ಹೇಳಿದ್ದರು. ಹಾಗೇ ಮಣ್ಣಿನ ದಿಬ್ಬ ಮಾಡಿ ಹಲಗೆ ಹಾಸಿದೆವು.

ಮೊದಲ ಸ್ಲ್ಯಾಬಿನ ಮೇಲೆ ನನ್ನ ಮೂರಿಂಚಿನ ಪೈಪು. ಜೀಪಿನ ಗಾಲಿಯ ಕಲ್ಲು ತೆಗೆದೆವು. ಅದು ಯಾವ ಅವಸರವೂ ಇಲ್ಲದೆ ಇಳಿದು ಬಂತು. ಗುದ್ದಿದ ಸದ್ದೂ ದೊಡ್ಡದಲ್ಲ. ಕಂಬ ಸೆಟೆದುಕೊಂಡೇ ನೆಲಕ್ಕೆ ಮಲಗಿತು, ಅದರ ಬುಡದಲ್ಲಿ ಕಾಂಕ್ರೀಟು ಬೋಗುಣಿಯ ಆಕಾರದಲ್ಲಿ ಎದ್ದು ಬಂದಿತ್ತು. ಓಣಿಯ ಮೇಲೆ ನೋಡಿದ್ದ ಅದೇ ಆಕಾರ. ಜೀಪು ಅದನ್ನು ದಾಟಿ ಹೋಗಿ ಬೇಲಿಗೆ ಬಿತ್ತು, ಚೀಲ ಒಡೆದು ಜೋಳ ಚೆಲ್ಲಿತು.

ವೆಲ್ಡರ್ ಚೆಲ್ಲಿದ ಜೋಳ ನೋಡಿ, "ಕೋಳಿಗೆ ಹಬ್ಬ ಆತು ನಡ್ರಿ" ಅಂದ. ಅವನ ದನಿಯಲ್ಲಿ ನಗು ಇರಲಿಲ್ಲ.

ಮೇಡಂ ಫೋನಿನಲ್ಲಿ ಇನ್ನೊಂದು ದಾರಿ ಹೇಳಿದರು. ತಡೆ ಒಂದೂಕಾಲು ಅಡಿಯಷ್ಟು ಹಿಂದಕ್ಕೆ ಬಾಗಿ ಕಾರನ್ನು ನಿಧಾನವಾಗಿ ನಿಲ್ಲಿಸಿದರೆ ಅದೇ ನೂರೈವತ್ತು ಕ್ವಿಂಟಲಿನ ತಳ್ಳು ಮೂವತ್ತಕ್ಕೆ ಇಳಿಯುತ್ತದೆ. ಎರಡು ಮೂರು ಕಂಬ ಹಂಚಿಕೊಂಡರೆ ಆ ತೆಳು ಸ್ಲ್ಯಾಬು ತಾಳುತ್ತದೆ. ಕೇಳಿದಾಗ ನನಗೆ ನಮ್ಮ ಅಜ್ಜ ಕುಲುಮೆಯ ಮುಂದೆ ಕೂತು ಹೇಳುತ್ತಿದ್ದದ್ದು ನೆನಪಾಯಿತು. "ಕಬ್ಬಿಣ ಎಷ್ಟಾರ ಏಟು ತಡಕಂತತಿ. ತಡಕಳ್ಳಾಕ ಅದಕ್ಕ ಜಾಗ ಬಿಡಬೇಕು." ಅಜ್ಜ ಹೇಳಿದ್ದು ನೇಗಿಲಿನ ಕುಳದ ಬಗ್ಗೆ. ಅಷ್ಟು ವರ್ಷ ಆ ಮಾತು ಕಿವಿಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಬಾಗಬೇಕು ಅಂದದ್ದೇ ತಡ, ವೆಲ್ಡರ್ ಮೂಲೆಯಲ್ಲಿದ್ದ ಲಾರಿಯ ಸ್ಪ್ರಿಂಗ್ ಪಟ್ಟಿ ತೋರಿಸಿದ. "ಇದಕ್ಕಿಂತ ಬಾಗೋದು ಯಾವುದೈತ್ರಿ? ನಲವತ್ತು ವರ್ಷ ಲಾರಿ ಹೊತ್ತತಿ." ನನಗೂ ಹುರುಪು ಬಂತು. ಮೇಡಂಗೆ ಹೇಳಿದರೆ, "ಬೇಡ್ರಿ, ಆ ಉಕ್ಕಿಗೆ ವೆಲ್ಡಿಂಗ್ ಆಗಿಬರಲ್ಲ, ಬೆಸುಗೆ ಪಕ್ಕದಲ್ಲಿ ಗಾಜಿನಂಗೆ ಒಡಿತತಿ" ಅಂದರು. ನಾನು ಹೂಂ ಅಂದು ಫೋನಿಟ್ಟು, ಆದರೂ ಪ್ಲೇಟು ಕಾಯಿಸಿಕೊಂಡು, ಪಟ್ಟಿಯನ್ನು ಅದಕ್ಕೆ ಬೆಸೆದು, ಬೂದಿಯಲ್ಲಿ ಹುಗಿದು ಒಂದು ದಿನ ಆರಲು ಬಿಟ್ಟೆ. ಕೂರಿಸಿ ಕೈಯಲ್ಲಿ ಜಗ್ಗಿದರೆ ಬಿದಿರಿನ ಹಾಗೆ ಬಾಗಿ ವಾಪಸು ಬರುತ್ತಿತ್ತು. ನೋಡಿ ಖುಷಿಪಟ್ಟೆವು.

ಎರಡನೇ ಸಲ ಜೀಪು ಬಂದು ತಾಗಿತು. ಪಟ್ಟಿ ಒಂದು ಗೇಣು ಬಾಗಿತು. ನನ್ನ ಬಾಯಲ್ಲಿ 'ಹಿಡೀತು' ಎಂಬ ಮಾತು ಅರ್ಧ ಬಂದಿತ್ತು. ಅಷ್ಟರಲ್ಲಿ ಬುಡದಲ್ಲಿ ಪಟಾಕಿ ಹೊಡೆದಂತಾಗಿ ಪಟ್ಟಿ ಕಡಿದು ಹಾರಿತು. ಶೆಡ್ಡಿನ ತಗಡಿನಲ್ಲಿ ಮುಷ್ಟಿ ಹೋಗುವಷ್ಟು ತೂತು ಬಿತ್ತು. ಕಲ್ಲು ತೆಗೆಯುವ ಮೊದಲು ವೆಲ್ಡರ್ ಬೀಡಿ ಸೇದುತ್ತ ಒರಗಿ ನಿಂತಿದ್ದದ್ದು ಅದೇ ತಗಡಿಗೆ. ಅವನು ಹೋಗಿ ಆ ತೂತಿಗೂ ತನ್ನ ಎದೆಗೂ ಅಳತೆ ಹಿಡಿದು ನೋಡಿದ. ಆವತ್ತು ಊಟಕ್ಕೆ ಮನೆಗೆ ಹೋದವನು ಮರುದಿನ ಕೆಲಸಕ್ಕೆ ಬರಲಿಲ್ಲ.

ಆ ಒಂದು ದಿನ ನಾನೊಬ್ಬನೇ ಶೆಡ್ಡಿನಲ್ಲಿ ಕೂತು ತೀರ್ಮಾನ ಮಾಡಿದೆ. ಈ ತಡೆಯನ್ನು ನಾನು ಮಾಡುವುದಿಲ್ಲ. ಕಾರ್ಖಾನೆಯಲ್ಲಿ ಮಾಡಿದ್ದನ್ನು ತಂದು ಕೂರಿಸುತ್ತೇನೆ. ಹೇಳಲು ಸಣ್ಣ ಮಾತು. ಕುಲುಮೆಯ ಮನೆಯಲ್ಲಿ ಹುಟ್ಟಿದವನು 'ಇದು ನನ್ನ ಕೈಲಿ ಆಗುವುದಿಲ್ಲ' ಅಂತ ಅದುವರೆಗೆ ಯಾವ ಗಿರಾಕಿಗೂ ಹೇಳಿರಲಿಲ್ಲ.

ಕಾರ್ಖಾನೆಯವರನ್ನು ಕೇಳಿ ನೋಡಿದೆವು. ಒಬ್ಬರದು ಕಂಬದಿಂದ ಕಂಬಕ್ಕೆ ಬಿಗಿದ ಉಕ್ಕಿನ ಹಗ್ಗ. ಎಳೆತವೆಲ್ಲ ಕೊನೆಯ ಎರಡು ಪಿಲ್ಲರಿನ ಮೇಲೆ ಬೀಳುತ್ತದೆ, ಈ ಪಿಲ್ಲರು ಅದಕ್ಕೆ ಕಟ್ಟಿದ್ದಲ್ಲ ಅಂತ ಮೇಡಂ ಬೇಡ ಅಂದರು. ಇನ್ನೊಬ್ಬರ ಮನುಷ್ಯ ಬಣ್ಣದ ಪುಸ್ತಕ ಹಿಡಿದು ಶೆಡ್ಡಿಗೇ ಬಂದಿದ್ದ. "ಗುದ್ದಿದ್ರ ಎಷ್ಟು ಹಿಂದಕ್ಕ ಹೋಗ್ತತ್ರಿ ಇದು?" ಅಂತ ಕೇಳಿದೆ. "ಒಂದಿಂಚೂ ಅಲ್ಲಾಡಲ್ಲ ಸರ್, ಬಂಡೆ ಇದ್ದ ಹಾಗೆ" ಅಂದ. ಚಹಾ ಕುಡಿಸಿ ಕಳಿಸಿದೆ. ಅಲ್ಲಾಡುವುದಿಲ್ಲ ಎಂಬ ಮಾತಿಗೆ ಎರಡು ತಿಂಗಳ ಹಿಂದೆ ನಾನೂ ಮರುಳಾಗುತ್ತಿದ್ದೆ.

ಮೂರನೆಯವರದು ಸ್ಪ್ರಿಂಗ್ ಉಕ್ಕಿನದೇ ಕಂಬ, ಆದರೆ ಎಲ್ಲೂ ಬೆಸುಗೆ ಇಲ್ಲ. ಕಾಯಿಸಿ ಬಗ್ಗಿಸಿ ಪಾದ ಮಾಡಿದ್ದು. ಮೇಲೆ ಹೆದ್ದಾರಿಯ ಪಕ್ಕ ಇರುವಂಥ ಅಲೆಅಲೆ ತಗಡಿನ ಪಟ್ಟಿ. ಎಷ್ಟು ತೂಕ, ಎಷ್ಟು ವೇಗ, ಎಷ್ಟು ಬಾಗಿತು ಎಂಬ ಪರೀಕ್ಷೆಯ ಕಾಗದ ಜೊತೆಗಿತ್ತು. ಮೇಡಂ ಅದನ್ನು ಎರಡು ಸಲ ಓದಿ, ಫೋನ್ ಮಾಡಿ ವಿಚಾರಿಸಿ ಹೂಂ ಅಂದರು. ಕಾರಿನ ಬಂಪರಿಗೆ ಒಂದೂಕಾಲು ಅಡಿ ಎತ್ತರ ಸಾಕು, ನಮ್ಮ ಕಡೆ ಮದುವೆಗೆ ಪಿಕಪ್ಪು, ಜೀಪು ಹೆಚ್ಚು, ಅದಕ್ಕೆ ಮೇಲೆ ಇನ್ನೊಂದು ಪಟ್ಟಿ ಬೇಕು ಅಂತ ನಾನು ಹೇಳಿದೆ. ಆ ಇಡೀ ಕೆಲಸದಲ್ಲಿ ಮೇಡಂ ನನ್ನ ಮಾತು ಬರೆದುಕೊಂಡದ್ದು ಅದೊಂದೇ.

ತೊಡಕು ಬಂದದ್ದು ಜಾಗದ್ದು. ಕಂಬ ಹಿಂದಕ್ಕೆ ಬಾಗಬೇಕಾದರೆ ಅಂಚಿನಿಂದ ಎರಡಡಿ ಒಳಗೆ ನಿಲ್ಲಬೇಕು. ಬೋಲ್ಟು ಸ್ಲ್ಯಾಬಿನ ಆಚೆ ದಾಟಿ, ಅಡಿಯಲ್ಲಿ ಪ್ಲೇಟು ಕೊಟ್ಟು ನಟ್ಟು ಬಿಗಿಯಬೇಕು. ಎರಡಡಿ ಒಳಗೆ ಬಂದರೆ ಕಾರಿನ ಹಿಂಬದಿ ಓಡಾಡುವ ದಾರಿಗೆ ಚಾಚುತ್ತದೆ. ಓರೆಯಾಗಿ ನಿಲ್ಲಿಸಿದರೆ ಹದಿನಾಲ್ಕು ಕಾರು ನಿಲ್ಲುವ ಸಾಲಿನಲ್ಲಿ ಒಂಬತ್ತು ನಿಲ್ಲುತ್ತವೆ.

ಸಾಹುಕಾರರು ಮೊದಲ ಸಲ ದನಿ ಏರಿಸಿದರು. "ಐದು ಕಾರು ನನ್ನ ತೆಲಿ ಮ್ಯಾಲೆ ನಿಲ್ಸ್ಲೇನ್ರಿ? ಅಂಚಿಗೇ ಹಾಕ್ರಿ."

"ಅಂಚಿಗೆ ಹಾಕಿದ್ರ ಅಂಚಿನ ಸಮೇತ ಹೋಗ್ತತ್ರಿ. ನೀವೇ ಶೆಡ್ಡಿಗೆ ಬಂದು ನೋಡೀರಿ ಬೋಗುಣಿನ."

"ನೀವು ಆಗಂಗಿಲ್ಲ ಅಂದ್ರ ಊರಾಗ ಬ್ಯಾರೆ ಯಾರೂ ಇಲ್ಲೇನು? ಹಾಕೋರು ಹಾಕ್ತಾರ."

"ಹಾಕ್ತಾರ್ರಿ. ನಾನೂ ಹಾಕಿದ್ನಲ್ಲ."

ಅವರು ಕುರ್ಚಿಯಿಂದ ಎದ್ದವರು ಹಾಗೇ ನಿಂತರು. ಅವರೇನು ಕೆಟ್ಟವರಲ್ಲ. ಆ ಹೂವಿನವರ ಮನೆಗೆ ತಾವಾಗಿ ಹೋಗಿ ಬಂದಿದ್ದರು, ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ. ಮತ್ತೆ ಕೂತು, "ಮೊದಲ್ನೇ ಮಹಡಿಗೆ ಹಾಕ್ರಿ. ಮ್ಯಾಲಿನದಕ್ಕ ಸದ್ಯ ಸರಪಳಿ ಹಾಕಿ ಬೀಗ ಹಾಕಾಣ" ಅಂದರು. ಆ ಬೀಗ ಇನ್ನೂ ಹಾಗೇ ಇದೆ.

ಕೂರಿಸಲು ಎಂಟು ದಿನ ಹಿಡಿಯಿತು. ವೆಲ್ಡರ್ ವಾಪಸು ಬಂದಿದ್ದ, ಬೆಸೆಯಲು ಏನೂ ಇಲ್ಲದ ಕೆಲಸದಲ್ಲಿ ನಟ್ಟು ಬಿಗಿದ. ನೆಲದ ಇಳಿಜಾರು ಬದಲಿಸಲು ಆಗಲಿಲ್ಲ. ಪ್ರತಿ ಕಾರಿನ ಜಾಗಕ್ಕೂ ಗಾಲಿ ತಡೆಯುವ ದಿಂಡು ಹಾಕಿದೆವು. 'ಹ್ಯಾಂಡ್‌ಬ್ರೇಕ್ ಎಳೆಯಿರಿ' ಅಂತ ದೊಡ್ಡದಾಗಿ ಬರೆಸಿದೆವು. ಎಲ್ಲ ಮುಗಿದ ಮೇಲೆ ರೂಢಿಯಂತೆ ಕೈ ಪಟ್ಟಿಯ ಮೇಲೆ ಹೋಯಿತು. ಅಲ್ಲಾಡಿಸಲಿಲ್ಲ. ಮೇಡಂ ಸಹಿ ಮಾಡಿ ಕೊಟ್ಟು ಬಸ್ಸಿಗೆ ಹೋದರು.

ಮತ್ತೆ ತೆರೆದ ಮೇಲೆ ಮೊದಲ ಮದುವೆಯ ಬೆಳಿಗ್ಗೆ ನಾನು ಯಾರೂ ಕರೆಯದೆ ಹೋದೆ. ಬೋರ್ಡಿನ ಅಡಿಯಲ್ಲೇ ಕಾರುಗಳು ನ್ಯೂಟ್ರಲ್‌ನಲ್ಲಿ ನಿಂತಿದ್ದವು, ದಿಂಡು ಇದ್ದರೂ ಗಾಲಿಗೆ ಕಲ್ಲು ಕೊಟ್ಟಿದ್ದರು. ಹೊಸ ಕಾವಲುಗಾರನನ್ನು ಕೇಳಿದರೆ, "ಬ್ರೇಕ್ ಎಳಕಂಡು ಹೋದ್ರ ತಳ್ಳೋದು ಹೆಂಗ್ರಿ?" ಅಂತ ನನ್ನನ್ನೇ ಕೇಳಿದ. ಕೆಳಗೆ ಬಂದೆ. ಓಣಿಯಲ್ಲಿ ಅದೇ ಜಾಗದಲ್ಲಿ ಸೊಸೆ ಕೂತು ಹೂವು ಕಟ್ಟುತ್ತಿದ್ದಳು.

"ಇಲ್ಯಾಕ ಕುಂತಿಯವ್ವ, ಆ ಮೆಟ್ಟಿಲ ಕಡೆ ಕುಂದ್ರಬಾರದಾ?"

"ಇಲ್ಲಿ ಮಂದಿ ಹಾಯ್ತಾರ್ರಿ." ಕಟ್ಟುವ ಕೈ ನಿಲ್ಲಲಿಲ್ಲ. ಮೇಲೆ ಒಂದು ಸಲ ನೋಡಿದಳು. "ಹೊಸಾದು ಹಾಕೀರಂತಲ್ಲ. ಗಟ್ಟಿ ಐತೇನ್ರಿ?"

ಹದಿನೈದು ಕ್ವಿಂಟಲಿನ ಕಾರಿಗೆ, ಇಷ್ಟು ವೇಗಕ್ಕೆ, ಎಂಬ ಉತ್ತರ ನನ್ನ ಬಾಯಲ್ಲಿತ್ತು. ಅದನ್ನು ಹೂವು ಕಟ್ಟುವವಳಿಗೆ ಹೇಗೆ ಹೇಳಬೇಕೆಂದು ತಡವರಿಸುತ್ತಿದ್ದೆ. ಅವಳೇ ಮುಂದುವರಿಸಿದಳು.

"ನಮ್ಮತ್ತಿನೂ ಕೇಳಿದ್ಲಂತ್ರಿ ನಿಮ್ಮನ್ನ. ನೀವು ಮೊದ್ಲು ಕಟಕಟಿ ಹಾಕಾಗ. ಬೀಳ್ತತೇನೋ ಎಪ್ಪಾ ಅಂದ್ರ, ಹಿಡಿದು ಅಲ್ಲಾಡಿಸಿ ತೋರ್ಸಿ, ಗಟ್ಟಿ ಐತಿ, ಆರಾಮ ಕುಂದ್ರಬೇ ಅಂದಿದ್ರಂತ. ಯಾರಾರ ಕೇಳಿದ್ರ ಅದನ್ನ ಹೇಳ್ತಿದ್ಲು."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಹೌದೋ ಅಲ್ಲವೋ ಎಂದು ಎಷ್ಟು ಹುಡುಕಿದರೂ ನನಗೆ ನೆನಪಾಗಲಿಲ್ಲ. ಅಂಥ ಮಾತನ್ನು ನಾನು ಎಷ್ಟು ಮಂದಿಗೆ ಅಂದಿದ್ದೇನೋ.

"ಕಾರು ಬಂದ್ರ ತಡಿತತಿ. ಅದಕ್ಕಿಂತ ದೊಡ್ಡದು ಜೋರು ಬಂದ್ರ ನಾನು ಹೇಳಂಗಿಲ್ಲವ್ವ. ನೀನು ಏಳು" ಅಂದು ಅವಳ ಬುಟ್ಟಿ, ಕೂರುವ ಗೋಣಿತಟ್ಟು ನಾನೇ ಎತ್ತಿಕೊಂಡು ಹೋಗಿ ಮೆಟ್ಟಿಲ ಮಗ್ಗುಲಿಗೆ ಇಟ್ಟೆ. ಅವಳು ಬಂದು ಕೂತಳು.

ಅಕ್ಷತೆ ಆಯಿತು, ಊಟ ಆಯಿತು, ದಿಬ್ಬಣದವರು ಓಣಿ ಹಿಡಿದು ಹೋದರು. ಮೆಟ್ಟಿಲ ಕಡೆ ತಿರುಗಿದವರು ಹತ್ತಾರು ಮಂದಿ. ಮಧ್ಯಾಹ್ನಕ್ಕೆ ಅರ್ಧ ಬುಟ್ಟಿ ಹಾಗೇ ಉಳಿದಿತ್ತು, ಮೊಗ್ಗು ಬಾಯಿ ಬಿಟ್ಟಿದ್ದವು. ಉಳಿದದ್ದೆಲ್ಲ ನನಗೇ ಕೊಡು ಅಂದೆ.

"ಬ್ಯಾಡ್ರಿ ಭಾಯಾರ" ಅಂದಳು, ಬಟ್ಟೆಗೆ ನೀರು ಚಿಮುಕಿಸಿ ಬುಟ್ಟಿಗೆ ಮುಚ್ಚುತ್ತ. "ನೀವು ತಗಂಡ್ರ ನಾಳಿನೂ ಇಲ್ಲೇ ಕುಂದ್ರಬೇಕಾಗ್ತತಿ."

ಮರುದಿನವೂ ಲಗ್ನವಿತ್ತು. ಅವಳು ಓಣಿಯಲ್ಲಿ ಕೂತಿದ್ದಳು. ನಾನು ಪಾನಾ ತೆಗೆದುಕೊಂಡು, ಕಂಬಗಳ ಬುಡದ ಬೋಲ್ಟು ಒಂದೊಂದಾಗಿ ಬಿಗಿ ನೋಡಲು ಮೇಲೆ ಹೋದೆ.